ಶೇವಂತಾಬಾಯಿಯ ಹೆಪ್ಪು

ಬೀದರಿನವರು ಬಿಸಿಲನ್ನು ಬೈದುಕೊಂಡೇ ದೊಡ್ಡವರಾದ ಜನ. ಅಂಗಳಕ್ಕೆ ಬರಿಗಾಲಲ್ಲಿ ಇಳಿದರೆ ಕಾಲು ಸುಡುತ್ತದೆ, ನಲ್ಲಿ ತಿರುಗಿಸಿದರೆ ಚಹಾ ಮಾಡುವಷ್ಟು ಬಿಸಿನೀರು ಬರುತ್ತದೆ ಎಂದು ಅಜ್ಜ ಮುತ್ತಜ್ಜರ ಕಾಲದಿಂದ ದೂರುತ್ತಿದ್ದವರು. ಇಂಥ ಊರಿನಲ್ಲಿ ಮನೆ ಕಾಯಿಸಿಕೊಳ್ಳುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಆದರೆ ಬಂತು. ಕಾದು ಕೆಂಡವಾಗುತ್ತಿದ್ದ ಭೂಮಿಯನ್ನು ತಣಿಸಲು ದೇಶದೇಶಗಳು ಸೇರಿ ಆಕಾಶದ ಮೇಲ್ಪದರದಲ್ಲಿ ನುಣುಪು ಧೂಳಿನ ಮುಸುಕು ಹರಡಿದವು. ಭೂಮಿ ತಣಿಯಿತು, ದೊಡ್ಡವರೆಲ್ಲ ಒಬ್ಬರನ್ನೊಬ್ಬರು ಹೊಗಳಿಕೊಂಡರು. ಬೀದರಿನ ಬಯಲಿನ ಮೇಲೆ ಮಾತ್ರ ಮುಸುಕು ಲೆಕ್ಕಕ್ಕಿಂತ ದಪ್ಪವಾಗಿ ಕೂತುಬಿಟ್ಟಿತು. ಚಳಿಗಾಲದಲ್ಲಿ ಕೊಡದ ನೀರಿನ ಮೇಲೆ ಬರ್ಫು ಕಟ್ಟತೊಡಗಿತು. ಸೌರ ವಿದ್ಯುತ್ತು ಸೊರಗಿ, ಸಂಜೆಯಾದ ಮೇಲೆ ಕರೆಂಟು ಆಸ್ಪತ್ರೆಗಷ್ಟೇ ಎಂದಾಯಿತು. ಉರಿಸೋಣವೆಂದರೆ ಕಟ್ಟಿಗೆ ಎಲ್ಲಿದೆ? ಸುತ್ತಲಿನ ಜಾಲಿಗಿಡಗಳೆಲ್ಲ ಮೊದಲೆರಡು ಚಳಿಗಾಲಕ್ಕೇ ಒಲೆ ಸೇರಿದ್ದವು.

ಊರಿನ ಅಂಚಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಇಂದುಮತಿ ಆಗ ಕಂಡುಹಿಡಿದದ್ದು ಕಾವುಪ್ಪು. ಅಡುಗೆ ಸೋಡಾಕ್ಕೆ ಸಿರ್ಕಾ, ಅಂದರೆ ವಿನೆಗರ್, ಬೆರೆಸಿ, ಕುದಿಸಿ ಬತ್ತಿಸಿದರೆ ಒಂದು ಬಗೆಯ ಉಪ್ಪು ಬರುತ್ತದೆ. ಅದನ್ನು ಎಣ್ಣೆಯ ಖಾಲಿ ಡಬ್ಬಿಗೆ ತುಂಬಿ, ಡಬ್ಬಿಗೆ ಕಪ್ಪು ಬಳಿದು, ಮಾಳಿಗೆಯ ಮೇಲೆ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ ಬಿಸಿಲು ಕುಡಿದು ಕರಗಿ ನೀರಾಗುತ್ತದೆ. ಸೋಜಿಗ ಇರುವುದು ಮುಂದೆ. ಡಬ್ಬಿ ತಣ್ಣಗಾದರೂ ಉಪ್ಪು ಮತ್ತೆ ಗಟ್ಟಿಯಾಗುವುದಿಲ್ಲ. ಕುಡಿದ ಬಿಸಿಲನ್ನು ಹೊಟ್ಟೆಯಲ್ಲಿಟ್ಟುಕೊಂಡು ವಾರಗಟ್ಟಲೆ ತೆಪ್ಪಗೆ ಕೂತಿರುತ್ತದೆ. ಬೇಕಾದಾಗ ಅದೇ ಉಪ್ಪಿನ ಒಂದು ಗಟ್ಟಿ ಹರಳು ಹಾಕಿದರೆ ಸಾಕು, ಡಬ್ಬಿಗೆ ಡಬ್ಬಿಯೇ ನೋಡನೋಡುತ್ತ ಗಟ್ಟಿಯಾಗಿ, ಒಳಗಿನ ಕಾವನ್ನೆಲ್ಲ ಹೊರಗೆ ಬಿಡುತ್ತದೆ. ಅಂಥ ಡಬ್ಬಿ ಮೂರು ನಾಲ್ಕಿದ್ದರೆ ಒಂದು ಕೋಣೆ ಬೆಳಗಿನತನಕ ಬೆಚ್ಚಗಿರುತ್ತದೆ. ಯಂತ್ರ ಬೇಡ, ಮಿಸ್ತ್ರಿ ಬೇಡ, ಮನೆಯವರೇ ಮಾಡಿಕೊಳ್ಳಬಹುದು.

ಹಾಗಂತ ಇಂದುಮತಿ ಹೇಳುತ್ತಿದ್ದಳು. ಜನ ಕೈ ಹಚ್ಚಲಿಲ್ಲ. ಕೈ ಹಚ್ಚಿದವಳು ಅವಳ ಗಲ್ಲಿಯ ಕೊನೆಯ ಮನೆಯ ಶೇವಂತಾಬಾಯಿ. ಮೂಗಿನ ಮೇಲೆ ಸಿಟ್ಟು, ಗಟ್ಟಿ ದನಿ, ಯಾರ ಮನೆಯ ಅಡುಗೆಗಾದರೂ ಉಪ್ಪು ಕಡಿಮೆ ಎಂದು ಮುಖಕ್ಕೆ ಹೇಳುವ ಹೆಂಗಸು. ಇಂದುಮತಿ "ಬೀಜದ ಹರಳು" ಎಂದು ವಿವರಿಸುತ್ತಿದ್ದಾಗ ಅವಳು ನಡುವೆಯೇ ತಡೆದಿದ್ದಳು.

"ಅಷ್ಟ್ಯಾಕ ಸುತ್ತಿ ಬಳಸಿ ಹೇಳ್ತಿ ಇಂದೂ? ಹಾಲಿಗಿ ಹೆಪ್ಪು ಹಾಕ್ದಂಗ ಅನ್ನು, ಮುಗೀತು."

ಮುಗಿದೇ ಹೋಯಿತು. ಮರುವಾರದಲ್ಲಿ ಗಲ್ಲಿಯ ಎಲ್ಲ ಮಾಳಿಗೆಗಳ ಮೇಲೂ ಡಬ್ಬಿಗಳಿದ್ದವು, ಪ್ರತಿ ಅಡುಗೆಮನೆಯ ಗೂಡಿನಲ್ಲೂ ಹೆಪ್ಪಿನ ಕರಡಿಗೆಯಿತ್ತು. ಹೆಪ್ಪು ಎಂದ ಮೇಲೆ ಹೆಪ್ಪಿನ ರೀತಿ ರಿವಾಜುಗಳೂ ಅದರ ಹಿಂದೆಯೇ ಬಂದವು. ದೀಪ ಹಚ್ಚಿದ ಮೇಲೆ ಮೊಸರಿನ ಹೆಪ್ಪನ್ನು ನೆರೆಮನೆಗೆ ಕೊಡುವುದಿಲ್ಲವಲ್ಲ, ಈ ಹೆಪ್ಪನ್ನೂ ಕೊಡುತ್ತಿರಲಿಲ್ಲ. ಸೂತಕದ ಮನೆಯಿಂದ ತರುತ್ತಿರಲಿಲ್ಲ. ಇಂದುಮತಿ ನಕ್ಕು ಸುಮ್ಮನಾಗಿದ್ದಳು. ಉಪ್ಪು ಕೆಲಸ ಮಾಡುತ್ತಿರುವಾಗ ಜನ ಅದಕ್ಕೆ ಕುಂಕುಮ ಹಚ್ಚಿದರೆ ತನ್ನ ಗಂಟೇನು ಹೋಗುತ್ತದೆ ಎಂಬುದು ಅವಳ ಲೆಕ್ಕ.

ಮೊದಮೊದಲು ಒಂದೇ ತೊಂದರೆಯಿತ್ತು. ಬೆಕ್ಕು ಹಾರಿದರೆ, ಡಬ್ಬಿ ಬಡಿದರೆ, ಉಪ್ಪು ತಾನಾಗಿಯೇ ಗಟ್ಟಿಯಾಗಿ ಕಾವು ಪೋಲಾಗುತ್ತಿತ್ತು. ಇಂದುಮತಿ ಎರಡು ವರ್ಷ ಹೆಣಗಿ, ಅಂಗಡಿಯಲ್ಲಿ ಸಿಗುವ ಗೋಂದು ಮತ್ತು ಇನ್ನೊಂದೆರಡು ಸಾಮಾನು ಬೆರೆಸಿ ಅದನ್ನು ಸರಿಪಡಿಸಿದಳು. ಈಗ ಡಬ್ಬಿಯನ್ನು ಮಾಳಿಗೆಯಿಂದ ಉರುಳಿಸಿದರೂ ಅದು ಜಪ್ಪಯ್ಯ ಎನ್ನುತ್ತಿರಲಿಲ್ಲ. ಅದರದೇ ಹೆಪ್ಪು ಬಿದ್ದರೆ ಮಾತ್ರ ಏಳುತ್ತಿತ್ತು. ಅವಳಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಹೋದ ವಾರ ಶೇವಂತಾಬಾಯಿ ತೀರಿಕೊಂಡಳು. ಎದೆನೋವು ಎಂದು ಮಲಗಿದವಳು ಏಳಲಿಲ್ಲ. ಅವಳ ಗಂಡ ಘಾಳೆಪ್ಪ ಮಾತು ಕಡಿಮೆಯ ಮನುಷ್ಯ. ಮಾತೆಲ್ಲ ಅವಳೇ ಆಡುತ್ತಿದ್ದಳು. ಈಗ ಬಾಗಿಲು ಹಾಕಿಕೊಂಡು ಒಳಗೇ ಇದ್ದ.

ಅದೇ ವಾರ ಇಂದುಮತಿಯ ತಂಗಿ ಜಗದೇವಿ ತವರಿನಲ್ಲಿ ಹೆತ್ತಳು. ದಿನ ತುಂಬುವ ಮೊದಲೇ ಬಂದ ಹೆಣ್ಣುಕೂಸು, ಎರಡು ಬೊಗಸೆಯಲ್ಲಿ ಹಿಡಿಯುವಷ್ಟು. ಆಸ್ಪತ್ರೆಯ ಬೆಚ್ಚನೆ ಪೆಟ್ಟಿಗೆಗಳಲ್ಲಿ ಇದಕ್ಕಿಂತ ಸಣ್ಣ ಕೂಸುಗಳು ಕಾಯುತ್ತಿದ್ದುದರಿಂದ ಡಾಕ್ಟರು ಮನೆಗೆ ಕಳಿಸಿದ್ದರು. "ಹೊಗೆ ಬೇಡ, ಕೆಂಡ ಬೇಡ, ಇದರ ಪುಪ್ಪುಸ ತಡೆಯುವುದಿಲ್ಲ. ಕೋಣೆ ಮಾತ್ರ ತಣ್ಣಗಾಗಬಾರದು" ಎಂದು ಎಚ್ಚರಿಸಿದ್ದರು. ತಾಯಿ ಅಂಬುಬಾಯಿ ಬಾಣಂತಿಯ ಕೋಣೆಯ ಕಿಟಕಿಗೆ ಕೌದಿ ತೂಗುಹಾಕಿ, ಮಂಚದ ಸುತ್ತ ನಾಲ್ಕು ಡಬ್ಬಿ ಇಟ್ಟು, ಹೊತ್ತು ಹೊತ್ತಿಗೆ ಒಂದೊಂದಕ್ಕೆ ಹೆಪ್ಪು ಹಾಕುತ್ತ ಕಾದಿದ್ದಳು.

ಆಗ ಮುಸುಕು ನಿಯಂತ್ರಣ ಕೇಂದ್ರದವರಿಗೆ ಜನರ ಮೇಲೆ ಪ್ರೀತಿ ಉಕ್ಕಿತು. ಚಳಿಗೆ ನಡುಗುತ್ತಿರುವ ಊರುಗಳಿಗೆ ಒಂದು ದಿನ ಮುಸುಕು ಸರಿಸಿ ಪೂರ್ತಿ ಬಿಸಿಲು ಕೊಡುತ್ತೇವೆ ಎಂದು ಸಾರಿದರು. ಅದಕ್ಕೆ ಬಯಲು ದಿನ ಎಂದು ಹೆಸರನ್ನೂ ಇಟ್ಟರು.

ಆ ಬೆಳಗು ಏಳು ವರ್ಷದಲ್ಲಿ ಬೀದರು ಕಂಡಿರದ ಬೆಳಗು. ಆಕಾಶ ನೀಲಿಯಾಗಿತ್ತು. ನೆರಳಿಗೆ ಅಂಚಿತ್ತು. ಶಾಲೆಯ ಮಕ್ಕಳು ತಮ್ಮ ನೆರಳನ್ನು ತುಳಿಯುತ್ತ ಕುಣಿದರು. ಬಿಸಿಲು ಬಿದ್ದ ಮೇಲೆ ಆ ಊರಿನ ಹೆಂಗಸರು ಸುಮ್ಮನಿರುತ್ತಾರೆಯೇ? ಕೌದಿ ಬಂತು, ಗಾದಿ ಬಂತು, ಮೆಣಸಿನಕಾಯಿ, ಉಪ್ಪಿನಕಾಯಿ ಭರಣಿ, ಬೇಳೆ, ಕಾಳು, ಪುಸ್ತಕ, ಫೋಟೋ, ಒಬ್ಬರ ಮನೆಯ ಅತ್ತೆ, ಎಲ್ಲವೂ ಮಾಳಿಗೆ ಏರಿದವು. ದಿನಕ್ಕೆ ಒಂದೋ ಎರಡೋ ಡಬ್ಬಿ ಕರಗಿಸಲು ತಿಣುಕುತ್ತಿದ್ದವರು ಇದ್ದಬದ್ದ ಡಬ್ಬಿಗಳನ್ನೆಲ್ಲ ಗಾಜಿನ ಕೆಳಗೆ ಸಾಲಾಗಿ ಇಟ್ಟರು.

"ಹೆಪ್ಪಿನ ಕರಡಿಗೀನೂ ಇಡ್ಲೇನು?" ಅಂಬುಬಾಯಿ ಮಾಳಿಗೆಯಿಂದ ಪಕ್ಕದ ಮನೆಯವಳನ್ನು ಕೇಳುತ್ತಿದ್ದುದು ಕೆಲಸಕ್ಕೆ ಹೊರಟಿದ್ದ ಇಂದುಮತಿಗೆ ಕೇಳಿಸಿತು.

"ಇಡ್ರಿ, ಇಡ್ರಿ. ಪಾಪ, ಅದೂ ಬಿಸಲ್ ಕಂಡಿಲ್ಲ. ಬಿಸಲ್ ತಿಂದ್ರ ಜೋರ್ ಆಗ್ತದ."

ಇಂದುಮತಿ ಕೇಳಿಸಿಕೊಂಡಳು. ಆದರೆ ಅವಳ ಮುಖದ ಮೇಲೂ ಬಿಸಿಲು ಬಿದ್ದಿತ್ತು, ಮನಸ್ಸು ಎಲ್ಲಿಯೋ ಇತ್ತು. ಮಾತು ಕಿವಿಗೆ ಬಿದ್ದು ಹಾಗೆಯೇ ಹೊರಗೆ ಹೋಯಿತು. ಪ್ರಯೋಗಾಲಯಕ್ಕೆ ಬಂದವಳು ತಾನೇ ಸಹಾಯಕ ಮಸ್ತಾನ್‌ನನ್ನು ಕರೆದು, ಕಪಾಟಿನ ಕಾವುಪ್ಪಿನ ಜಾಡಿಗಳಿಗೆ ಥಂಡಿ ಹಿಡಿದಿದೆ, ಎಲ್ಲವನ್ನೂ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಲಿಗೆ ಹರಡು ಎಂದಳು. ಅವನು ಒಂದನ್ನೂ ಬಿಡದೆ ಹರಡಿದ. ಓದಿದವಳ ಬುದ್ಧಿಯೂ ಅಂದು ಗಲ್ಲಿಯವರ ಜೊತೆ ಮಾಳಿಗೆಯ ಮೇಲೆಯೇ ಇತ್ತು.

ಹೊತ್ತು ಇಳಿಯುವಾಗ ಅಂಬುಬಾಯಿಯ ಫೋನು ಬಂತು.

"ಇಂದೂ, ಡಬ್ಬಿ ಏಳವಲ್ದು. ಹೆಪ್ಪು ಹಾಕ್ಲಾಕ ಹೋದ್ರ ಕರಡಿಗ್ಯಾಗ ನೀರದ."

"ನೀರಾ?"

"ಹ್ಞೂಂ, ನೀರು. ಅದನ್ನೇ ಒಂದ್ ಚಮಚ ಹಾಕ್ದೆ. ಏನೂ ಆಗಲಿಲ್ಲ. ಬಾಜೂದಾಕಿ ಮನ್ಯಾಗ ಕೇಳ್ದ್ರ ಅವರದೂ ನೀರೇ ಆಗ್ಯಾದಂತ."

ಇಂದುಮತಿ ಫೋನು ಕೆಳಗಿಟ್ಟಳು. ಓಡಿಹೋಗಿ ಹೊರಗಿನ ಜಾಡಿಗಳನ್ನು ನೋಡಿದಳು. ಪ್ರತಿಯೊಂದರಲ್ಲೂ ತಿಳಿಯಾದ ನೀರು ನಿಂತಿತ್ತು. ಕರಗಿದ ಹೆಪ್ಪು ಹೆಪ್ಪಲ್ಲ. ಅದನ್ನು ಮತ್ತೆ ಗಟ್ಟಿ ಮಾಡಲು ಇನ್ನೊಂದು ಗಟ್ಟಿ ಹರಳು ಬೇಕು, ಅಂಥ ಹರಳು ಈಗ ಎಲ್ಲಿಯೂ ಇಲ್ಲ. ಬೇರೆ ದಿನಗಳಲ್ಲಿ ಕಾವು ಬಿಟ್ಟ ಡಬ್ಬಿಯೊಂದಾದರೂ ಗಟ್ಟಿಯಾಗಿ ಉಳಿದಿರುತ್ತಿತ್ತು. ಇಂದು ಯಾರೂ ಒಂದನ್ನೂ ಉಳಿಸಿರಲಿಲ್ಲ. ಊರಿನ ಎಲ್ಲ ಮನೆಗಳಲ್ಲಿ ಡಬ್ಬಿ ತುಂಬ ಕಾವಿತ್ತು, ಅದನ್ನು ಎಬ್ಬಿಸುವ ಚಿಟಿಕೆ ಉಪ್ಪು ಮಾತ್ರ ಇರಲಿಲ್ಲ.

ಅವಳು ಜಾಡಿಯನ್ನು ಬರ್ಫಿನಲ್ಲಿಟ್ಟಳು. ಗಾಜಿನ ಕಡ್ಡಿಯಿಂದ ಒಳಗೆ ಗೀಚಿದಳು. ಕುಲುಕಿದಳು, ಬಡಿದಳು. ಉಪ್ಪು ಮಿಸುಕಲಿಲ್ಲ. ಮಿಸುಕದಂತೆ ಮಾಡಿದವಳು ತಾನೇ ಅಲ್ಲವೇ? ಹೊಸದಾಗಿ ಮಾಡೋಣವೆಂದರೆ ಬತ್ತಿಸಿ ಹರಳು ಬರಿಸಲು ಎರಡು ದಿನ ಬೇಕು. ಕಲಬುರಗಿಯ ಗೋದಾಮಿಗೆ ಫೋನು ಮಾಡಿದರೆ ಹರಳು ಇದೆ, ಗಾಡಿ ಬರುವುದು ಬೆಳಿಗ್ಗೆ ಎಂದರು.

ಕೊನೆಗೆ ಮುಸುಕು ನಿಯಂತ್ರಣ ಕೇಂದ್ರಕ್ಕೆ ಪರದೆಯ ಮೇಲೆ ಕರೆ ಮಾಡಿದಳು. ಅಲ್ಲಿನ ಕೋಣೆಯ ತುಂಬ ನಕ್ಷೆಗಳು ಮಿನುಗುತ್ತಿದ್ದವು. ಉಪನಿಯಂತ್ರಕರು ನಗುನಗುತ್ತಲೇ ಬಂದರು.

"ಹೇಗಿತ್ತು ಮೇಡಂ ಬಿಸಿಲು? ನಿಮ್ಮ ಊರಿನಿಂದ ಎಷ್ಟೊಂದು ಧನ್ಯವಾದದ ಸಂದೇಶಗಳು ಬಂದಿವೆ!"

"ಸರ್, ರಾತ್ರಿ ಚಳಿ ಎಷ್ಟಿರುತ್ತದೆ?"

ಅವರು ನಕ್ಷೆ ನೋಡಿದರು. ನಗು ಸ್ವಲ್ಪ ಕುಂದಿತು. ಮುಸುಕು ಬಿಸಿಲನ್ನು ತಡೆಯುವ ಹಾಗೆಯೇ ನೆಲದ ಕಾವನ್ನೂ ಒಂದಿಷ್ಟು ಹಿಡಿದಿಟ್ಟಿರುತ್ತಿತ್ತು. ಬಯಲಾದ ಆಕಾಶಕ್ಕೆ ಅದೆಲ್ಲ ಹಾರಿಹೋಗುತ್ತದೆ, ಈ ಚಳಿಗಾಲದಲ್ಲೇ ಅತಿ ಹೆಚ್ಚಿನ ಚಳಿ ಇಂದು ರಾತ್ರಿಯೇ.

"ಮತ್ತೆ ಮುಚ್ಚಲಿಕ್ಕೆ ಆಗುತ್ತಾ?"

"ಧೂಳು ವಾಪಸು ಕೂಡಲು ನಾಳೆ ಮಧ್ಯಾಹ್ನ ಆಗುತ್ತದೆ. ನಿಮ್ಮಲ್ಲಿ ಆ ಉಪ್ಪಿನ ಡಬ್ಬಿಗಳಿವೆಯಲ್ಲ ಮೇಡಂ, ಅದನ್ನು ನಂಬಿಯೇ ನಾವು..." ಅವರು ಅವಳ ಮುಖ ನೋಡಿ ಗಾಬರಿಯಾಗಿದ್ದರು. ಕೆಟ್ಟ ಮನುಷ್ಯರೇನಲ್ಲ. ಒಳ್ಳೆಯದನ್ನು ಮಾಡಲು ಹೋದವರೇ.

ಇಂದುಮತಿ ಮನೆಗೆ ಓಡಿದಳು. ಗಲ್ಲಿಯಲ್ಲಿ ಜನ ಕೈಯಲ್ಲಿ ಕರಡಿಗೆ ಹಿಡಿದುಕೊಂಡು ಮನೆಯಿಂದ ಮನೆಗೆ ತಿರುಗುತ್ತಿದ್ದರು. ಎಲ್ಲರೂ ಕೇಳುವವರೇ, ಕೊಡುವವರು ಯಾರೂ ಇಲ್ಲ. ಬಾಣಂತಿಯ ಕೋಣೆಯಲ್ಲಿ ಜಗದೇವಿ ಕೂಸನ್ನು ಎದೆಗೆ ಅವಚಿಕೊಂಡು ಎರಡು ಕೌದಿ ಹೊದ್ದು ಕೂತಿದ್ದಳು. ಜ್ವರ ಬಂದು ಅವಳೇ ನಡುಗುತ್ತಿದ್ದಳು. ಕೂಸು ಅಳುತ್ತಿರಲಿಲ್ಲ. ಅಳದಿರುವುದನ್ನು ಕಂಡೇ ಇಂದುಮತಿಗೆ ಹೆದರಿಕೆಯಾಯಿತು. ಅಂಗಾಲು ಮುಟ್ಟಿ ನೋಡಿದರೆ ತಣ್ಣಗಿತ್ತು.

"ಅವ್ವಾ, ಇವತ್ತು ಬಿಸಿಲಿಗೆ ಏನೂ ಇಡದ ಮನಿ ಯಾವುದಾದ್ರೂ ಅದಾ?" ಎಂದು ಕೇಳಿದಳು. "ನೆನಸಿ ಹೇಳು. ಒಂದೇ ಒಂದು ಮನಿ ಸಾಕು."

ಅಂಬುಬಾಯಿ ಮುಖ ತಿರುಗಿಸಿ ಕಿಟಕಿಯ ಕೌದಿ ಸರಿಪಡಿಸಿದಳು.

"ಹೇಳವ್ವಾ."

"ಇಲ್ಲ, ಅದು ಬ್ಯಾಡ."

"ಯಾರ ಮನಿ?"

"ಘಾಳೆಪ್ಪಂದು. ಐದ್ ದಿನದಿಂದ ಮಾಳಿಗಿ ಹತ್ತಿಲ್ಲ ಅಂವ. ಆಕೀ ಮಂಚದ ಬಾಜೂಕ ಒಂದ್ ಡಬ್ಬಿ ಹಂಗೇ ಅದಾ. ಮಾತಾಡ್ಸಲಾಕ ಹೋದಾಗ ನೋಡೀನಿ." ಅಂಬುಬಾಯಿಯ ದನಿ ಏರಿತು. "ಬ್ಯಾಡ ಅಂದ್ರ ಬ್ಯಾಡ, ಇಂದೂ. ಸತ್ತಾಕೀ ತೆಲಿ ಕಡೆ ಇದ್ದ ಹೆಪ್ಪು. ಸೂತಕ ಕಳದಿಲ್ಲ. ಎಳೇ ಕೂಸಿಗಿ ಅದನ್ನ ತರ್ತಾರೇನು? ಏನರ ಆದ್ರ ಯಾರ್ ಹೊಣಿ?"

"ತರಲಿಲ್ಲ ಅಂದ್ರ ಏನಾಗ್ತದ ಅದು ನೋಡು" ಎಂದು ಇಂದುಮತಿ ಬಟ್ಟಲು ತೆಗೆದುಕೊಂಡು ಹೊರಬಿದ್ದಳು. ತಾಯಿಯ ಮೇಲೆ ಸಿಟ್ಟು ಬರಲಿಲ್ಲ. ಹೆದರಿದವರ ಬಾಯಲ್ಲಿ ಇಂಥದ್ದೇ ಮಾತು ಬರುವುದು.

ಘಾಳೆಪ್ಪ ಬಾಗಿಲು ತೆರೆದ. ಮೈಮೇಲೆ ಹೆಂಡತಿಯ ಶಾಲು ಹೊದ್ದಿದ್ದ. ಅವಳ ಫೋಟೋದ ಮುಂದೆ ಸಂಜೆಯ ದೀಪ ಆಗಲೇ ಉರಿಯುತ್ತಿತ್ತು. ಮಂಚದ ಪಕ್ಕದಲ್ಲಿ ಕಪ್ಪು ಡಬ್ಬಿ, ಗಟ್ಟಿಯಾಗಿ, ತಣ್ಣಗೆ. ಇಂದುಮತಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಅವನು ಕೊನೆಯವರೆಗೂ ಕೇಳಿದ. ಆಮೇಲೆ ತಲೆಯಾಡಿಸಿದ.

"ಆಗಂಗಿಲ್ಲವ್ವಾ."

"ಕಾಕಾ, ಒಂದು ಚಿಟಿಕಿ ಸಾಕು. ಡಬ್ಬಿ ನಿಮ್ಮದು ನಿಮ್ಮ ಹತ್ರನೇ ಇರ್ತದ."

"ಕೊಡ್ಲಾಕ ಮನಸಿಲ್ಲ ಅಂತಲ್ಲ." ಅವನು ಮಾತು ಹುಡುಕಿದ. "ಆ ದಿನ ಆಕೀ ಕರಡಿಗ್ಯಾಗಿನ ಕಡೀ ಹೆಪ್ಪು ತನ್ನ ಕೈಯಾರೆ ಹಾಕಿದ್ದಳು. ಕಾವು ಆರೋದ್ರೊಳಗ ಆಕೀನೇ ಹೋದಳು. ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರ್ದು ಅಂತಿದ್ದಾಕೀನೂ ಆಕೀನೇ. ಈಗ ಇದನ್ನ ಒಯ್ದು, ಕೂಸಿಗಿ ನಾಳಿ ಒಂದು ಕೆಮ್ಮು ಬಂದ್ರೂ ಗಲ್ಲಿ ಏನಂತದ? ಶೇವಂತಾನ ಹೆಪ್ಪು ಕೂಸಿನ್ನ ತಿಂತು ಅಂತದ. ಬದುಕಿದ್ದಾಗ ಬಾಯಿ ಜೋರ ಅಂತ ಬೈಸ್ಕೊಂಡಳು. ಸತ್ತ ಮ್ಯಾಲ ಆಕೀಗಿ ಆ ಹೆಸರು ಬ್ಯಾಡವ್ವಾ."

ಇಂದುಮತಿ ಹರಳಿನ ಗುಣ ಹೇಳಬಹುದಿತ್ತು. ಅವನ ಹೆದರಿಕೆ ಹರಳಿನದಾಗಿರಲಿಲ್ಲ. ಗಲ್ಲಿ ಹಾಗೆ ಅನ್ನುವುದಿಲ್ಲ ಎಂದು ಹೇಳಲು ಅವಳಿಗೆ ಧೈರ್ಯವಿರಲಿಲ್ಲ, ತನ್ನ ತಾಯಿಯೇ ಆಗಷ್ಟೇ ಅಂದಿದ್ದಳು. ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು.

ಹಿಂದಿನಿಂದ ಗದ್ದಲ ಕೇಳಿತು. ಜಗದೇವಿ ಬರುತ್ತಿದ್ದಳು. ತಲೆಗೆ ಬಿಗಿದ ಬಟ್ಟೆ, ಮೈಗೆ ಸುತ್ತಿದ ಕೌದಿ, ಎದೆಯಲ್ಲಿ ಕೂಸು. ಬಾಣಂತಿ ಹೊಸ್ತಿಲು ದಾಟಬಾರದ ದಿನ. ಅದೂ ಸಾವಿನ ಮನೆಗೆ. ಹಿಂದೆಯೇ ಅಂಬುಬಾಯಿ ಇನ್ನೊಂದು ಕೌದಿ ಹಿಡಿದು, "ಏ ಹುಚ್ಚೀ, ನಿಲ್ಲು, ಗಾಳಿ ಹೊಡೀತದ" ಎಂದು ಬೈಯುತ್ತ ಓಡಿ ಬರುತ್ತಿದ್ದಳು. ಬಾಗಿಲುಗಳು ತೆರೆದವು. ಕರಡಿಗೆ ಹಿಡಿದವರೆಲ್ಲ ಅಲ್ಲಲ್ಲೇ ನಿಂತರು.

ಜಗದೇವಿ ಯಾರನ್ನೂ ನೋಡದೆ ಘಾಳೆಪ್ಪನ ಹೊಸ್ತಿಲು ದಾಟಿ ಒಳಗೆ ಬಂದಳು. ಕೌದಿಯ ಮಡಿಕೆಯಿಂದ ಕೂಸಿನ ಕಾಲು ಹೊರತೆಗೆದಳು.

"ಕಾಕಾ, ಮುಟ್ಟಿ ನೋಡ್ರಿ."

ಅವನು ಹಿಂದೆ ಸರಿದ. "ನಾ ಸೂತಕದಾಗ ಇದ್ದೀನಿ ತಾಯಿ."

"ಇರ್ರಿ. ಮುಟ್ಟಿ ನೋಡ್ರಿ."

ಘಾಳೆಪ್ಪನ ಬೆರಳು ಆ ಪುಟ್ಟ ಅಂಗಾಲಿಗೆ ತಾಗಿತು. ಅವನು ಕೈ ತೆಗೆಯಲಿಲ್ಲ. ಇಡೀ ಅಂಗೈಯಲ್ಲಿ ಆ ಕಾಲನ್ನು ಮುಚ್ಚಿಕೊಂಡು ನಿಂತ. ಕಣ್ಣಲ್ಲಿ ನೀರು ತುಂಬಿತು.

"ಕಾಕೀ ಇದ್ದಿದ್ರ ಇಷ್ಟೊತ್ತಿಗಿ ನಮ್ಮೆಲ್ಲರಿಗೂ ಬೈದು, ಡಬ್ಬೀನೇ ಹೊತ್ಕೊಂಡು ನಮ್ಮನಿಗಿ ಬರ್ತಿದ್ದರು" ಎಂದಳು ಜಗದೇವಿ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಯಾರ್ ಏನ್ ಅಂತಾರ ಅನ್ಲಿ. ಕೂಸಿನ ತಾಯಿ ನಾನು. ನಾ ಕೇಳ್ಲತ್ತೀನಿ. ಕೊಡ್ರಿ."

ಘಾಳೆಪ್ಪ ಮಂಚದ ಬಳಿ ಕೂತು ಡಬ್ಬಿಯ ಮುಚ್ಚಳ ತೆರೆದ. ಮೇಲಿನ ಬಿಳಿ ಗಟ್ಟಿಯ ಮೇಲೆ ಶೇವಂತಾಬಾಯಿ ಹೆಪ್ಪು ಹಾಕಿದ ಚಮಚದ ಗುರುತು ಇನ್ನೂ ಇತ್ತು. ಆ ಗುರುತನ್ನು ಬಿಟ್ಟು, ಅಂಚಿನಲ್ಲಿ ಉಗುರಿನಿಂದ ಕೆರೆದು ಒಂದಿಷ್ಟು ಹರಳನ್ನು ಬಟ್ಟಲಿಗೆ ಹಾಕಿದ. ಆಮೇಲೆ ತಾನೇ ಬಟ್ಟಲು ಹಿಡಿದು ಅವರ ಜೊತೆ ಹೊರಟ.

ಬಾಣಂತಿಯ ಕೋಣೆಯಲ್ಲಿ ಅವನೇ ಮೊದಲ ಡಬ್ಬಿಗೆ ಹೆಪ್ಪು ಹಾಕಿದ. ಹರಳು ಬಿದ್ದ ಜಾಗದಿಂದ ಬಿಳಿ ಎಳೆಗಳು ಸರಸರನೆ ಹರಡಿಕೊಂಡವು, ನೀರು ಕಣ್ಣೆದುರಿಗೇ ಗಟ್ಟಿಯಾಯಿತು. ಇಂದುಮತಿ ಇದನ್ನು ಸಾವಿರ ಸಲ ನೋಡಿದವಳು. ಅಂದು ಮೊದಲ ಸಲ ನೋಡುವವಳಂತೆ ಡಬ್ಬಿಯ ಮೇಲೆ ಬಗ್ಗಿದ್ದಳು. ಡಬ್ಬಿ ಬೆಚ್ಚಗಾಯಿತು, ನಂತರ ಬಿಸಿಯಾಯಿತು. ಅದೇ ಡಬ್ಬಿಯಿಂದ ಚಿಟಿಕೆ ತೆಗೆದು ಎರಡನೆಯದಕ್ಕೆ, ಅದರಿಂದ ಮೂರನೆಯದಕ್ಕೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಕೂಸು ಕಾಲು ಒದ್ದು, ಮುಖ ಕೆಂಪಗೆ ಮಾಡಿಕೊಂಡು ಗಲ್ಲಿಗೆಲ್ಲ ಕೇಳುವಂತೆ ಅತ್ತಿತು. ಅಂಬುಬಾಯಿ ಗೋಡೆಗೆ ಒರಗಿ ತಾನೂ ಅತ್ತಳು.

ಆಮೇಲೆ ಬಾಗಿಲ ಮುಂದೆ ಬಟ್ಟಲುಗಳು ಬಂದವು. ದೀಪ ಹಚ್ಚಿದ ಮೇಲೆ, ಸಾವಿನ ಮನೆಯಿಂದ ಬಂದ ಹೆಪ್ಪು. ಯಾರೊಬ್ಬರೂ ಆ ಮಾತು ಎತ್ತಲಿಲ್ಲ. ಎಲ್ಲರಿಗಿಂತ ಮುಂದೆ ಚಮಚ ಹಿಡಿದು ಹಂಚಿದವಳು ಅಂಬುಬಾಯಿಯೇ. ಮಸ್ತಾನ್ ಸೈಕಲ್ಲಿನಲ್ಲಿ ಒಂದು ಕರಡಿಗೆ ಪಕ್ಕದ ಗಲ್ಲಿಗೆ ಒಯ್ದ, ಅಲ್ಲಿಂದ ಇನ್ನೊಂದು ಗಲ್ಲಿಗೆ ಯಾರೋ ಒಯ್ದರು. ಒಂದು ಮನೆಯ ಚಿಟಿಕೆ ಇನ್ನೊಂದು ಮನೆಯ ಡಬ್ಬಿಯಾಗುತ್ತ ಊರೆಲ್ಲ ಹರಡಿತು.

ಈ ಗಲಾಟೆಯಲ್ಲಿ ಘಾಳೆಪ್ಪ ಯಾವಾಗ ಎದ್ದು ಹೋದನೋ ಯಾರೂ ನೋಡಿರಲಿಲ್ಲ. ಇಂದುಮತಿಗೆ ಥಟ್ಟನೆ ಹೊಳೆಯಿತು. ಅವನು ಏನನ್ನೂ ಬಿಸಿಲಿಗೆ ಇಟ್ಟಿರಲಿಲ್ಲ. ಊರಿಗೆಲ್ಲ ಹೆಪ್ಪು ಕೊಟ್ಟವನ ಮನೆಯಲ್ಲಿ ಕಾವು ತುಂಬಿದ ಡಬ್ಬಿ ಒಂದೂ ಇಲ್ಲ. ಅವಳು ಹೇಳುವ ಮೊದಲೇ ಅಂಬುಬಾಯಿ ನಾಲ್ಕನೆಯ ಡಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡಿದ್ದಳು.

ಘಾಳೆಪ್ಪ ದೀಪದ ಮಬ್ಬು ಬೆಳಕಿನಲ್ಲಿ ಮಂಚದ ಬಳಿ ಕೂತಿದ್ದ. ಅಂಬುಬಾಯಿ ಸಾವಿನ ಮನೆಯೊಳಗೆ ನಡೆದು ಬಂದು, ಡಬ್ಬಿಯನ್ನು ಅವನ ಕಾಲ ಬಳಿ ಇಟ್ಟು ಹೆಪ್ಪು ಹಾಕಿದಳು.

"ನಾ ಒಂದ್ ಮಾತ್ ಅಂದಿದ್ದೆ ಅಣ್ಣಾ. ನೀ ಕೇಳಿಲ್ಲ. ಆದ್ರ ಅಂದಿದ್ದೆ. ತಪ್ಪಾಯ್ತು."

ಘಾಳೆಪ್ಪ ಇರಲಿ ಎಂಬಂತೆ ಕೈಯಾಡಿಸಿದ. ಬೆಚ್ಚಗಾಗುತ್ತಿದ್ದ ಡಬ್ಬಿಯ ಮೇಲೆ ಎರಡೂ ಅಂಗೈ ಊರಿ ಕೂತ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಇಂದುಮತಿಯನ್ನು ಕೇಳಿದ.

"ಇದೂ ಆಕೀ ಹೆಪ್ಪೇ ಹೌದಲ್ಲೇನವ್ವಾ?"

"ಹೌದು ಕಾಕಾ. ಈಗ ಊರಾಗ ಇರೋದೆಲ್ಲಾ ಅವರದೇ."

"ಹಂಗಾದ್ರ ಇನ್ನ ಅದು ಹೋಗಲ್ಲ?"

"ಹೋಗಲ್ಲ. ಒಬ್ಬರ ಮನ್ಯಾಗ ಕರಗಿದ್ರೂ ಇನ್ನೊಬ್ಬರ ಮನ್ಯಾಗ ಇರ್ತದ."

ಅವನು ಮಂಚದ ಪಕ್ಕದ ಹಳೆಯ ಡಬ್ಬಿಯ ಕಡೆ ನೋಡಿದ. ಅದರ ಮುಚ್ಚಳವನ್ನು ಸರಿಯಾಗಿ ಹಾಕಿ, ಶಾಲಿನ ಸೆರಗಿನಿಂದ ಮೇಲಿನ ಧೂಳು ಒರೆಸಿದ.

"ಹಂಗಾದ್ರ ಬೆಳಿಗ್ಗಿ ಇದನ್ನ ಬಿಸಲಿಗಿ ಇಡ್ತೀನಿ" ಎಂದ.